ಹುಬ್ಬಿದ್ದ ಹಂದಿಮರಿ

ಸಣ್ಣೋನಿದ್ದಾಗ ನೋಡಿದ್ದ ಹಂದಿಮರಿ ಕಾರ್ಟೂನ್ ಸಿನಿಮಾನ ಈಗ ನಿಜವಾದ ಹಂದಿ ಥರಾನೇ ಮತ್ತೆ ಮಾಡಿದಾರೆ, ಫೋನಲ್ಲಿ ಅದ್ರ ಒರಟು ಕೂದ್ಲು ಕಂಡಿದ್ದೇ ಅಜ್ಜಿ ನೆನಪಾದ್ಲು.

ನಾನು ಆ ಸಿನಿಮಾ ನೋಡ್ತಿದ್ದ ಮಧ್ಯಾಹ್ನ ಅಜ್ಜಿ ಗದ್ದೆಗೆ ಬರೋ ಹಂದಿ ಓಡಿಸೋಕೆ ತಗಡಿನ ಡಬ್ಬ, ಕೋಲು ಹಿಡ್ಕಂಡು ಹೊರಟಿದ್ಲು. ಟೀವೀಲಿ ಮರಿ ಅಮ್ಮನ್ನ ಹುಡುಕ್ತಾ ಅಳ್ತಿತ್ತು. ಅಜ್ಜಿ ಬಾಗ್ಲಲ್ಲೇ ನಿಂತ್ಲು.

"ಎಂತದಾ ಇದು? ಹಂದಿಗೆ ಹುಬ್ಬು ಇರ್ತದನಾ?"

"ಕಾರ್ಟೂನ್ ಅಜ್ಜಿ."

"ಇದ್ರಮ್ಮ ಸಿಗ್ತದಾ?"

ಅಷ್ಟರಲ್ಲಿ ಕರೆಂಟ್ ಹೋಯ್ತು. ಸಿಗ್ತದೋ ಇಲ್ವೋ ನಂಗೂ ಗೊತ್ತಾಗ್ಲಿಲ್ಲ.

ಅಜ್ಜಿ ಜೊತೆ ಗದ್ದೆಗೆ ಹೋದೆ. ಮುಸ್ಸಂಜೆಗೆ ದೊಡ್ಡ ಹಂದಿ ಬಂತು, ಹಿಂದೆ ಮರಿಗಳು. ಅಜ್ಜಿ ಡಬ್ಬ ಬಡಿಯೋಕೆ ಕೋಲು ಎತ್ತಿದೋಳು ಹಂಗೇ ನಿಂತ್ಲು.

"ಬಡಿ ಅಜ್ಜಿ, ಭತ್ತ ಹಾಳಾಗ್ತದೆ."

"ತಡಿಯಾ ಮಾರಾಯ, ಒಂದು ಹಿಂದೆ ಉಳಿದದೆ."

ಆ ಮರಿ ಓಡಿ ಬಂದು ಅಮ್ಮನ್ನ ಸೇರ್ತು. ಆಮೇಲೆ ಡಬ್ಬ ಬಡಿದ್ಲು ನೋಡಿ, ನನ್ನ ಕಿವಿ ಗುಂಯ್ ಅಂತು.