ಅಜ್ಜಿ ಸೋಸಿದ ನೀರು

ಮಂಗಳ ಗ್ರಹದ ನಮ್ಮ ಕಾಲೊನಿಯಲ್ಲಿ ಎಲ್ಲರೂ ತಮ್ಮ ತಮ್ಮ ಬಾವಿಗೆ ಕ್ರಿಮಿನಾಶಕ ಸುರಿಯುತ್ತಾರೆ. ನನ್ನಜ್ಜಿ ಮರುದೇವಿ ಮಾತ್ರ ಅದನ್ನು ಸುರಿಯದೆ, ಬೆಳಗಾವಿಯಿಂದ ತಂದ ಬಿಳಿ ಬಟ್ಟೆಯಲ್ಲಿ ನೀರು ಸೋಸುತ್ತಾಳೆ. ಆಮೇಲೆ ಬಟ್ಟೆ ಜಾಲಾಡಿದ ನೀರನ್ನು ಮೇಲಿಂದ ಸುರಿಯದೆ, ಬಾವಿಯ ನೀರು ಮುಟ್ಟುವವರೆಗೆ ಕೊಡ ಇಳಿಸಿ ಮೆಲ್ಲಗೆ ಬಿಡುತ್ತಾಳೆ. ಜೀವವೇ ಇಲ್ಲದ ಗ್ರಹದಲ್ಲಿ ಇದೆಂಥ ಜೈನ ಆಚಾರವೆಂದು ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಇವತ್ತು ಜೀವ ಹುಡುಕುವ ತಂಡ ಬಂತು. ಬೇರೆ ಯಾವ ಬಾವಿಯಲ್ಲೂ ಏನೂ ಸಿಗಲಿಲ್ಲ. ನಮ್ಮ ಬಾವಿಯ ಒಂದು ಹನಿಯಲ್ಲಿ ಏನೋ ಮಿಸುಕಾಡಿತು.

ತಂಡದ ಅಧಿಕಾರಿ ಅಜ್ಜಿಯತ್ತ ತಿರುಗಿದ. "ಇದು ಐತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ, ಅಮ್ಮಾ?"

ಹೌದೆನ್ನಲಿ ಎಂದು ನಾನು ಅಜ್ಜಿಯ ಸೆರಗು ಜಗ್ಗಿದೆ.

"ಇಲ್ಲರಿ, ಸುಳ್ಳ ಯಾಕ ಹೇಳ್ಲಿ?" ಅಂದಳು ಅಜ್ಜಿ. "ಇದ್ದರ ಸಾಯಬಾರದು ಅಂತ ಸೋಸ್ತಿದ್ದೆ, ಅಷ್ಟ."

"ಈಕಿ ನಮ್ಮಜ್ಜಿರಿ" ಅಂದೆ ನಾನು, ಯಾರೂ ಕೇಳದಿದ್ದರೂ.