ಒಳಹೊಲಿಗೆ

1950ಕ್ಕಿಂತ ಹಿಂದಿನವರಿಗೆ ಮಾತ್ರ ನಮ್ಮ ಕಾಲಕ್ಕೆ ಬರಲು ಪರವಾನಗಿ ಇತ್ತು. ಸುಳ್ಳು ಹೇಳಿದವರನ್ನು ಅಂದೇ ಹಿಂದಕ್ಕೆ ಕಳಿಸುತ್ತಿದ್ದರು. ಹುಬ್ಬಳ್ಳಿಯ ತಪಾಸಣಾ ಕೇಂದ್ರದಲ್ಲಿ ಬಂದವರ ಬಟ್ಟೆ ನೋಡಿ ವರ್ಷ ಗುರುತಿಸುವುದು ರುದ್ರಾಣಿಯ ಕೆಲಸ.

"ನಂದು 1943ರೀ," ಎಂದಳು ಚಂಪವ್ವ. ಅವಳ ಉಬ್ಬುತೋಳಿನ ಕುಪ್ಪಸ ಆ ಕಾಲದ್ದೇ. ಆದರೂ ಅನುಮಾನ ಹೋಗದೆ ರುದ್ರಾಣಿ ತೋಳಿನ ಅಂಚು ಮಗುಚಿ ನೋಡಿದಳು.

"ಇದು ಪಾಲಿಸ್ಟರ್ ದಾರ. ಆವಾಗ ಎಲ್ಲಿತ್ತು ಇದು? ಖರೇ ಹೇಳು."

ಚಂಪವ್ವ ಅಳತೊಡಗಿದಳು. "ಕುಬಸ ನಮ್ಮವ್ವಂದ್ರೀ, ಹರಿದಿತ್ತಂತ ನಾನ ಹೊಲಿದೆ. ನಂದು 1975. ಗಂಡ ಕೊಲ್ಲಾಕ ಬೆನ್ನ ಹತ್ಯಾನ."

ರುದ್ರಾಣಿ ಬಾಗಿಲು ಮುಚ್ಚಿದಳು. ಆ ದಾರ ಕಿತ್ತು, ಹತ್ತಿ ನೂಲಿನಿಂದ ಹೊಲಿಯತೊಡಗಿದಳು. ಈಗ ಚಂಪವ್ವನಿಗೇ ಸಂಶಯ ಬಂತು.

"ನನ್ನ ಹಿಡಿಸಿಕೊಡಾಕ ಹಿಂಗ ಮಾಡಾಕತ್ತೀರೇನ್ರೀ?"

"ಇಲ್ಲವ್ವಾ," ಎಂದಳು ರುದ್ರಾಣಿ. "ನಾನೂ ನಮ್ಮಜ್ಜಿ ಸೀರಿ ಉಟ್ಟಗೊಂಡು ಬಂದಾಕಿ."