ಒಂದೇ ಸಲ

ಮನೆ ಬೆಚ್ಚಗಿಡುವ ಎಣ್ಣೆ ಬಾಯ್ಲರ್ ಆರಿಹೋದಾಗ ಮತ್ತೆ ಹೊತ್ತಿಸುವ ಕೆಂಪು ಗುಂಡಿಯನ್ನು ಮನುಷ್ಯ ಎಷ್ಟು ಸಲ ಒತ್ತಬಹುದು ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಅಮೆರಿಕದ ಮೈನ್ ಸೀಮೆಯ ಕಡಲಂಚಿನಲ್ಲಿ ಇದಕ್ಕೆ ಧರ್ಮಶಾಸ್ತ್ರದಷ್ಟು ಖಚಿತವಾದ ಉತ್ತರವಿದೆ: ಒಂದೇ ಸಲ. ಆಗಲೂ ಉರಿ ಹತ್ತದಿದ್ದರೆ ಕೈಕಟ್ಟಿ ಕೂತು ಬರ್ನರ್ ರಿಪೇರಿಯವನಿಗೆ ಫೋನ್ ಮಾಡಬೇಕು. ಯಾಕೆಂದರೆ ಪ್ರತಿ ಒತ್ತಿಗೂ ಸಣ್ಣ ಲೋಟದಷ್ಟು ಎಣ್ಣೆ ಬಾಯ್ಲರಿನ ಹೊಟ್ಟೆಗೆ ಬೀಳುತ್ತದೆ. ಉರಿಯದೆ ಅಲ್ಲೇ ಕೂತು ಕಿಡಿಗಾಗಿ ಕಾಯುತ್ತದೆ. ಜನ ಒತ್ತುವುದು ಹತ್ತಾರು ಸಲ, ಹೇಳುವುದು ಒಂದೇ ಸಲ. ಕುಡಿದವನು ಎರಡೇ ಗ್ಲಾಸು ಎನ್ನುವ ಹಾಗೆ. ಮೂವತ್ತೊಂದು ವರ್ಷದಿಂದ ಇದೇ ಕಸುಬಿನಲ್ಲಿದ್ದ ಎಲ್ಡನ್ ಬೀಲ್, ಗಿರಾಕಿ ಹೇಳಿದ ಲೆಕ್ಕವನ್ನು ಮನಸ್ಸಿನಲ್ಲೇ ಹತ್ತರಿಂದ ಗುಣಿಸಿಕೊಂಡು ಕೆಲಸ ಶುರುಮಾಡುವವನು.

ಆದರೆ ಜನವರಿಯ ಆ ಬೆಳಿಗ್ಗೆ ನೆಲಮಾಳಿಗೆಯಲ್ಲಿ ನಿಂತು "ಒಂದೇ ಸಲ" ಎಂದವರು ಮಿಸೆಸ್ ಥರ್ಲೋ. ಎಲ್ಡನ್‌ಗೆ ಗುಣಾಕಾರ ಕಲಿಸಿದವರೇ ಅವರು.

ಎಂಬತ್ತನಾಲ್ಕರ ಆಕೆ ರಾತ್ರಿಯುಡುಪಿನ ಮೇಲೆ ಕೋಟು, ಅದರ ಮೇಲೆ ಗಂಡನ ಕೋಟು ತೊಟ್ಟಿದ್ದರು. ಗಂಡ ಲೈಲ್ ಸೊಂಟ ಮುರಿದುಕೊಂಡು ಮೇಲಿನ ಕೋಣೆಯಲ್ಲಿ ಮಲಗಿದ್ದ. ಅಲ್ಲಿ ಅವನ ಉಸಿರು ಬೆಳ್ಳಗೆ ಕಾಣುತ್ತಿದೆಯೆಂದೂ, ತುಟಿ ನೀಲಿಯಾಗಿದೆಯೆಂದೂ, ಬೇಗ ಮಾಡೆಂದೂ ಆಕೆ ಹೇಳಿದರು. ಬರ್ನರ್ ಎಲ್ಡನ್‌ಗಿಂತ ಎರಡು ವರ್ಷ ಹಿರಿದು. ಎಣ್ಣೆ ಚಿಮ್ಮಿಸುವ ನಾಜಲ್ ಕಟ್ಟಿಕೊಂಡಿತ್ತು, ಕಿಡಿ ಹಾರಿಸುವ ಕಡ್ಡಿಗಳ ಪಿಂಗಾಣಿ ಹೊದಿಕೆ ಬಿರಿದು ಕಿಡಿ ದಾರಿ ತಪ್ಪಿತ್ತು. ಎರಡನ್ನೂ ಬದಲಿಸಿ, ಕಡ್ಡಿಗಳ ನಡುವಿನ ಸಂದು ಅಳೆದು ಕೂಡಿಸಿದ. ಇನ್ನೊಂದೇ ಕೆಲಸ ಉಳಿದಿತ್ತು. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಚೀಲದಿಂದ ತೆಗೆದ.

"ಅದೇನದು?"

"ಕನ್ನಡಿ, ಮಿಸೆಸ್ ಥರ್ಲೋ. ಒಳಗೆ ಎಣ್ಣೆ ನಿಂತಿದೆಯಾ ಅಂತ ಸುಮ್ನೆ ಒಂದ್ಸಲ..."

"ಒಂದೇ ಸಲ ಒತ್ತಿದೀನಿ ಅಂದೆನಲ್ಲ, ಎಲ್ಡನ್."

ಐವತ್ತನಾಲ್ಕು ವರ್ಷದ ಹಿಂದೆ ಅವರ ತರಗತಿಯಲ್ಲಿ ನಾಚಿಕೆಯಿಂದ ಸುಟ್ಟ ಕಿವಿಗಳೇ ಮತ್ತೆ ಸುಟ್ಟವು. ಕನ್ನಡಿ ಚೀಲಕ್ಕೆ ಮರಳಿತು. ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ತನ್ನ ಅಂಗಿಯದೇ ಇರಬೇಕೆಂದುಕೊಂಡು ಸ್ವಿಚ್ ಹಾಕಿದ.

ಮೊದಲು ಸರಿಯಾಗಿಯೇ ಹತ್ತಿತು. ಎರಡು ಉಸಿರಿನ ಮೇಲೆ ಬಾಯ್ಲರಿನ ಒಳಗೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಆಮೇಲೆ ಅದು ಗುಡುಗಿತು. ಹೊಗೆಕೊಳವೆ ಗೋಡೆಯ ತೂತಿನಲ್ಲಿ ಕುಣಿಯತೊಡಗಿತು, ಕಬ್ಬಿಣದ ಬಾಗಿಲಿನ ಅಂಚಿನುದ್ದಕ್ಕೂ ಕೆಂಪು ಗೆರೆ ಮೂಡಿತು. ಎಲ್ಡನ್ ಸ್ವಿಚ್ ಆರಿಸಿದ, ಎಣ್ಣೆಯ ತಿರುಪು ಮುಚ್ಚಿದ, ಗಾಳಿಯ ಕಿಂಡಿ ಬಿಗಿದ. ಬರ್ನರ್ ನಿಂತಿತು, ಬೆಂಕಿ ನಿಲ್ಲಲಿಲ್ಲ.

ಅಗ್ನಿಶಾಮಕದವರಿಗೆ ಫೋನ್ ಮಾಡಿದರೆ, ರಸ್ತೆಯ ಹಿಮ ತೆಗೆಯುತ್ತಿದ್ದಾರೆ, ಮುಕ್ಕಾಲು ಗಂಟೆ ಬೇಕು ಎಂದರು. ಬಾಗಿಲು ತೆರೆದರೆ ಬೆಂಕಿ ಮುಖಕ್ಕೇ ಬರುತ್ತದೆ. ಒಳಗೆ ನಿಂತ ಎಣ್ಣೆಯನ್ನು ಅದು ತಾನಾಗಿ ತಿಂದು ಮುಗಿಸುವವರೆಗೆ ಕಾಯುವುದೊಂದೇ ದಾರಿ. ಅಷ್ಟರಲ್ಲಿ ಕೊಳವೆ ಕಳಚಿ ಬಿದ್ದರೆ ತಲೆಯ ಮೇಲಿರುವುದು ಒಣಗಿದ ಮರದ ತೊಲೆ, ತೊಲೆಯ ಮೇಲೆ ಲೈಲ್.

"ನೀವು ಹೊರಗೆ ಹೋಗಿ."

"ಲೈಲ್ ಮೇಲಿದಾನೆ," ಎಂದರು ಆಕೆ. ಅಲ್ಲಿಗೆ ಆ ಮಾತು ಮುಗಿಯಿತು.

"ಹಾಗಾದ್ರೆ ನಿಜ ಹೇಳಿ. ಎಷ್ಟು ಎಣ್ಣೆ ಇದೆ ಅಂತ ಗೊತ್ತಾದ್ರೆ ಎಷ್ಟು ಹೊತ್ತು ಉರಿಯುತ್ತೆ ಅಂತ ಗೊತ್ತಾಗುತ್ತೆ. ಎಷ್ಟು ಸಲ ಒತ್ತಿದ್ರಿ?"

ಆಕೆ ಬಾಯ್ಲರನ್ನೇ ನೋಡುತ್ತಿದ್ದರು. "ಅವನ ತುಟಿ ನೋಡೋಕಾಗಲಿಲ್ಲ ಕಣೋ," ಎಂದರು. ಆಮೇಲೆ, "ಹದಿನಾಲ್ಕು."

ಒತ್ತಿಗೆ ನಿಮಿಷಕ್ಕಿಂತ ತುಸು ಹೆಚ್ಚೆಂದು ಎಲ್ಡನ್ ಲೆಕ್ಕ ಹಾಕಿದ. ಕಾಲು ಗಂಟೆ. ಅದಕ್ಕೂ ಮೀರಿ ಉರಿದರೆ ಎಣ್ಣೆ ಇನ್ನೆಲ್ಲಿಂದಲೋ ಸೋರಿ ಬರುತ್ತಿದೆ ಎಂದೇ ಅರ್ಥ, ಆಗ ಮನೆಯ ಆಸೆ ಬಿಡಬೇಕು. ಇದನ್ನು ಆಕೆಗೂ ಬಿಡಿಸಿ ಹೇಳಿದ. ಇಬ್ಬರೂ ಅವನ ಕೈಗಡಿಯಾರ ನೋಡುತ್ತ ನಿಂತರು. ಹತ್ತು ನಿಮಿಷವಾಯಿತು. ಮೇಲೆ ಲೈಲ್ ಕೋಲಿನಿಂದ ನೆಲ ಕುಟ್ಟಿ, ಈಗ ಬೆಚ್ಚಗಾಗ್ತಿದೆ, ಹುಡುಗನಿಗೆ ಕಾಫಿ ಕೊಡು ಎಂದು ಕೂಗಿದ. ಹದಿನೈದಾಯಿತು. ಕೆಂಪು ಗೆರೆ ಹಾಗೇ ಇತ್ತು. ಹದಿನಾರು. ಕೊಳವೆಯ ಒಂದು ಸ್ಕ್ರೂ ಕಳಚಿ ಸಿಮೆಂಟಿನ ಮೇಲೆ ಟಣ್ಣೆಂದಿತು. ಹದಿನೇಳಕ್ಕೆ ಎಲ್ಡನ್ ಮೆಟ್ಟಿಲಿನ ಅಗಲವನ್ನೂ ಲೈಲ್‌ನ ತೂಕವನ್ನೂ ಅಂದಾಜು ಮಾಡಿದ. ಆಕೆ ಅವನ ತೋಳು ಹಿಡಿದಿದ್ದರು. ಏನೋ ಹೇಳುವವರಂತೆ ಬಾಯಿ ತೆರೆದು, ಮುಚ್ಚಿಕೊಂಡರು.

ಇಪ್ಪತ್ತನೆಯ ನಿಮಿಷಕ್ಕೆ ಗುಡುಗು ಗೊಣಗಾಯಿತು, ಗೊಣಗು ನಿಟ್ಟುಸಿರಾಯಿತು. ಕೆಂಪು ಗೆರೆ ಕಪ್ಪಾಯಿತು.

ಎಲ್ಡನ್ ಅಗ್ನಿಶಾಮಕದವರಿಗೆ ಮತ್ತೆ ಫೋನ್ ಮಾಡಿ, ಗಾಡಿ ಬಂದು ಒಮ್ಮೆ ನೋಡಿ ಹೋಗಲಿ, ಆತುರ ಬೇಡ ಎಂದ. ಬಾಯ್ಲರ್ ತಣಿಯಲು ಬಿಟ್ಟ. ಆಮೇಲೆ ಯಾರನ್ನೂ ಕೇಳದೆ ಕನ್ನಡಿ ತೂರಿಸಿ ನೋಡಿದ, ಕೊಳವೆ ಬಿಗಿದ, ಮತ್ತೆ ಹೊತ್ತಿಸಿದ. ಹೊಗೆಯನ್ನು ಬಿಳಿ ಕಾಗದದ ಮೂಲಕ ಎಳೆದು, ಕಲೆ ತಿಳಿಯಾಗುವವರೆಗೆ ಗಾಳಿ ಹೊಂದಿಸಿದ. ಬಾಯ್ಲರಿಗೆ ತಂತಿಯಲ್ಲಿ ಕಟ್ಟಿದ ಕಾರ್ಡಿನ ಮೇಲೆ, ರಿಪೇರಿಯವರ ಪದ್ಧತಿಯಂತೆ, ತಾರೀಕು ಬರೆದ, ನಾಜಲ್ ಬರೆದ, ಗುಂಡಿ ಒತ್ತಿದ್ದು 14 ಎಂದು ಬರೆದ.

ಮಿಸೆಸ್ ಥರ್ಲೋ ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. 14ನ್ನು ಒಂದು ನೇರ ಗೆರೆಯಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ ದುಂಡಗೆ 19 ಎಂದು ಬರೆದರು.

ಮಧ್ಯಾಹ್ನದ ಹೊತ್ತಿಗೆ ಮನೆ ಬೆಚ್ಚಗಾಯಿತು.